ಸ್ವಂತ ದುಡ್ಡಿನ ಮೊದಲ ಆಲ್ಬಂ: ನಿಮ್ಮ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಬಹುಪಾಲು ಒಂದೇ ವಿಷಯದ ಸುತ್ತ: ಕಂಪನಿಯ ಬೆಂಬಲವಿಲ್ಲದೆ, ಕೈಯಿಂದಲೇ ಹಣ ಹಾಕಿ, ಸ್ಟುಡಿಯೊದಲ್ಲಿ ಮೊದಲ ಆಲ್ಬಂ ರೆಕಾರ್ಡ್ ಮಾಡುವುದು. ಯಾವ ಮೈಕ್ ಒಳ್ಳೆಯದು ಎಂದು ಕೇಳಿದವರೇ ಹೆಚ್ಚು. ಅದಕ್ಕೆ ಇಲ್ಲಿ ಕಡಿಮೆ ಜಾಗ ಸಿಕ್ಕಿದೆ. ದುಡ್ಡು ಸೋರುವುದು ಮೈಕಿನಿಂದಲ್ಲ. ‘ಎರಡನೇ ಚರಣಕ್ಕೆ ಬೇಸ್ ಗಿಟಾರ್ ಬೇಕೋ ಬೇಡವೋ’ ಎಂದು ಸ್ಟುಡಿಯೊದೊಳಗೆ ನಿಂತು ಚರ್ಚಿಸುವ ಅರ್ಧ ಗಂಟೆಯಿಂದ.

ಪ್ರ: ನಾವು ನಾಲ್ವರು. ಡ್ರಮ್, ಬೇಸ್, ಗಿಟಾರ್, ಹಾಡುಗಾರಿಕೆ. ಎಂಟು ಹಾಡು ಸಿದ್ಧವಿವೆ. ಎಷ್ಟು ದಿನ ಸ್ಟುಡಿಯೊ ಬುಕ್ ಮಾಡಬೇಕು? ಒಬ್ಬರು 3 ದಿನ ಅಂದರು, ಇನ್ನೊಬ್ಬರು 20 ದಿನ ಅಂದರು.

ಉ: ಇಬ್ಬರೂ ಸುಳ್ಳು ಹೇಳಿಲ್ಲ. 3 ದಿನ ಅಂದವರು ಡ್ರಮ್ ಮಾತ್ರ ಲೆಕ್ಕ ಹಿಡಿದಿದ್ದಾರೆ, 20 ಅಂದವರು ಕೊನೆಯ ಮಾಸ್ಟರ್, ಅಂದರೆ ಬಿಡುಗಡೆಗೆ ಸಿದ್ಧವಾದ ಪ್ರತಿ, ಕೈಗೆ ಬರುವವರೆಗೆ ಎಣಿಸಿದ್ದಾರೆ. ಬಿಡಿಸಿ ನೋಡಿ. ಮೊದಲ ದಿನ ಡ್ರಮ್ ಜೋಡಿಸಿ, ಮೈಕ್ ಇಟ್ಟು, ಸದ್ದು ಹದಕ್ಕೆ ತರಲು 3-4 ಗಂಟೆ ಹೋಗುತ್ತದೆ. ಅದಾದ ಮೇಲೆ ಎರಡು ಹಾಡು ಮುಗಿದರೆ ಪುಣ್ಯ. ಎರಡನೇ ದಿನ ಮೂರೋ ನಾಲ್ಕೋ, ಮೂರನೇ ದಿನ ಉಳಿದವು ಮತ್ತು ಬೇಸ್‌ನ ತಪ್ಪು ತಿದ್ದುವುದು. ಗಿಟಾರ್‌ಗೆ 2 ದಿನ. ಹಾಡುಗಾರಿಕೆಯನ್ನು ದಿನಕ್ಕೆ ಎರಡು ಹಾಡಿನ ಮೇಲೆ ಎಳೆಯಬೇಡಿ. 4 ಅರ್ಧ ದಿನಗಳಾಗಿ ಹಂಚಿ. ಹಿನ್ನೆಲೆ ಧ್ವನಿ, ಚಿಲ್ಲರೆ ತಾಳವಾದ್ಯಗಳಿಗೆ 1 ದಿನ. ಇಲ್ಲಿಗೆ 8 ದಿನ. ಟೇಕ್‌ಗಳನ್ನು, ಅಂದರೆ ಒಂದೇ ಹಾಡನ್ನು ಮತ್ತೆ ಮತ್ತೆ ನುಡಿಸಿ ಹಿಡಿದ ಪ್ರತಿಗಳನ್ನು, ಆಯ್ದು ಜೋಡಿಸಲು 2 ದಿನ, ಎಲ್ಲ ವಾದ್ಯ-ಧ್ವನಿಗಳನ್ನು ಹದವಾಗಿ ಬೆರೆಸುವ ಮಿಕ್ಸ್‌ಗೆ ಹಾಡಿಗೊಂದು ದಿನದಂತೆ 8, ತಿದ್ದುಪಡಿಗೆ 2, ಬಿಡುಗಡೆಗೆ ಮುಂಚಿನ ಕೊನೆಯ ಹದವಾದ ಮಾಸ್ಟರಿಂಗ್‌ಗೆ 1. ಒಟ್ಟು 21.

ಈಗ ಹಣದ ವಿಷಯ. ಒಟ್ಟು ಹಣವನ್ನು 100 ಪಾಲು ಅಂದುಕೊಂಡರೆ ರೆಕಾರ್ಡಿಂಗ್‌ಗೆ 40, ಮಿಕ್ಸ್‌ಗೆ 30, ಮಾಸ್ಟರಿಂಗ್‌ಗೆ 10 ಎತ್ತಿಡಿ. ಉಳಿದ 20 ಅನಿರೀಕ್ಷಿತಕ್ಕೆ. ಅನಿರೀಕ್ಷಿತ ಬಂದೇ ಬರುತ್ತದೆ. ಮೊದಲ ಆಲ್ಬಂ ಮಾಡುವವರು ಸಾಮಾನ್ಯವಾಗಿ ರೆಕಾರ್ಡಿಂಗ್‌ಗೇ 80 ಪಾಲು ಸುರಿದು, ಮಿಕ್ಸ್ ಹೊತ್ತಿಗೆ ಬರಿಗೈಯಾಗಿ, ಗೊತ್ತಿರುವ ಯಾರಿಗೋ ಬಿಟ್ಟಿ ಕೆಲಸ ಹೊರಿಸುತ್ತಾರೆ. ಆ ಕೆಲಸ ಆರು ತಿಂಗಳಾದರೂ ಮುಗಿಯುವುದಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚಿ: ಎಂಟಕ್ಕೆ ಸಾಲದಿದ್ದರೆ ಐದೇ ಹಾಡು ಮಾಡಿ, ಮಿಕ್ಸ್ ಹಣಕ್ಕೆ ಕೈ ಹಾಕಬೇಡಿ.

ಬುಕ್ ಮಾಡುವ ಮೊದಲು ಸ್ಟುಡಿಯೊದವರನ್ನು ಕೇಳಬೇಕಾದ್ದು: ಬಾಡಿಗೆಯಲ್ಲಿ ಎಂಜಿನಿಯರ್ ಸೇರಿದ್ದಾರೋ ಇಲ್ಲವೋ? ಗಂಟೆ ಎಣಿಕೆ ನೀವು ಬಾಗಿಲು ದಾಟಿದಾಗ ಶುರುವೋ, ಮೈಕ್ ಇಟ್ಟ ಮೇಲೋ? ಡ್ರಮ್ ಸೆಟ್, ಗಿಟಾರ್ ಸದ್ದು ಹಿಗ್ಗಿಸುವ ಆಂಪ್ ಅಲ್ಲೇ ಇವೆಯೋ? ಸೆಷನ್ ಫೈಲ್‌ಗಳನ್ನು, ಅಂದರೆ ರೆಕಾರ್ಡ್ ಮಾಡಿದ ಮೂಲ ಫೈಲ್‌ಗಳನ್ನು, ಪೂರ್ತಿ ಕೊಡುತ್ತಾರೋ? ಕೊನೆಯದಕ್ಕೆ ಉತ್ತರ ತಡವರಿಸಿದರೆ ಬೇರೆ ಕಡೆ ನೋಡಿ.

ಪ್ರ: ಬೀಟಲ್ಸ್ ಒಂದೇ ದಿನದಲ್ಲಿ ಆಲ್ಬಂ ಮುಗಿಸಿದರಂತೆ. ನಮಗೇಕೆ ಆಗಬಾರದು?

ಉ: 1963ರ ಫೆಬ್ರವರಿ 11ರಂದು ಲಂಡನ್ನಿನ ಇಎಂಐ ಸ್ಟುಡಿಯೊದಲ್ಲಿ ಅವರು ಒಂದೇ ದಿನ 10 ಹಾಡು ಮುಗಿಸಿದ್ದು ನಿಜ. ಆಲ್ಬಂನ ಉಳಿದ ನಾಲ್ಕು ಅದಕ್ಕೂ ಮೊದಲೇ ಸಿಂಗಲ್‌ಗಳಾಗಿ, ಅಂದರೆ ಬಿಡಿ ರೆಕಾರ್ಡ್‌ಗಳಾಗಿ, ಬಂದಿದ್ದವು. ಆದರೆ ಆ ಹಾಡುಗಳಲ್ಲಿ ಹೆಚ್ಚಿನವನ್ನು ರಾತ್ರಿಗಟ್ಟಲೆ ವೇದಿಕೆಯ ಮೇಲೆ ಬಾರಿಸಿ ಬಾರಿಸಿ ಪಳಗಿದ್ದರು. ಸದ್ದನ್ನು ಬೇರೆ ಬೇರೆಯಾಗಿ ಹಿಡಿಯಲು ಇದ್ದದ್ದು ಎರಡೇ ಟ್ರ್ಯಾಕ್, ಆಮೇಲೆ ತಿದ್ದುವ ಆಸೆಗೆ ಆಸ್ಪದ ತೀರಾ ಕಡಿಮೆ. ಆ ದಿನ ಕೊನೆಗೆ ಹಾಡಿದ ಹಾಡಿನಲ್ಲಿ ಗಂಟಲು ಹರಿದದ್ದೂ ಕೇಳಿಸುತ್ತದೆ. ನಿಮ್ಮ ತಂಡ ಎಂಟೂ ಹಾಡನ್ನು ನಿಲ್ಲದೆ, ತಪ್ಪಿಲ್ಲದೆ, ಸತತ ಎರಡು ಸಲ ನುಡಿಸಬಲ್ಲದಾದರೆ ಧಾರಾಳವಾಗಿ ಪ್ರಯತ್ನಿಸಿ.

ಪ್ರ: ಸ್ಟುಡಿಯೊಗೆ ಹೋಗುವ ಮುನ್ನ ಮನೆಯಲ್ಲಿ ಏನೇನು ಮುಗಿಸಿಕೊಳ್ಳಬೇಕು?

ಉ: ನಿರ್ಧಾರ ಅನ್ನುವುದೆಲ್ಲ ಮನೆಯಲ್ಲೇ ಮುಗಿಯಬೇಕು. ಟೆಂಪೊ ಅಂದರೆ ಹಾಡಿನ ವೇಗ, ಶ್ರುತಿ, ಹಾಡಿನ ರಚನೆ, ಕೊನೆ ಹೇಗೆ ಎಂಬುದು.

ಟೆಂಪೊದಿಂದ ಶುರು ಮಾಡಿ. ಹಾಡನ್ನು ಎಂದಿನಂತೆ ನುಡಿಸಿ ಫೋನಿನಲ್ಲಿ ರೆಕಾರ್ಡ್ ಮಾಡಿ. ಮಾರನೆಯ ದಿನ ಕೂತು ಪಲ್ಲವಿಯ ವೇಗ ಅಳೆಯಿರಿ, ಚರಣದ್ದನ್ನೂ ಅಳೆಯಿರಿ. ಪಲ್ಲವಿ ನಿಮಿಷಕ್ಕೆ 96 ಬೀಟ್ (ಬಿಪಿಎಂ), ಚರಣ 92 ಎಂದು ಬಂದರೆ ಬೆಚ್ಚಬೇಡಿ, ಬಹುತೇಕ ತಂಡಗಳು ಹಾಗೇ ನುಡಿಸುವುದು. ಈಗ ಕ್ಲಿಕ್ ಅನ್ನು, ಅಂದರೆ ಹೆಡ್‌ಫೋನ್‌ನಲ್ಲಿ ಒಂದೇ ವೇಗದಲ್ಲಿ ತಾಳ ತಟ್ಟುವ ಸದ್ದನ್ನು, 92, 94, 96ಕ್ಕೆ ಇಟ್ಟು ಮೂರು ಸಲ ಹಾಡಿ. ಪರೀಕ್ಷೆ ಸುಲಭ: ಸಾಹಿತ್ಯ ಅತಿ ದಟ್ಟವಾಗಿರುವ ಸಾಲು ನಾಲಿಗೆ ತೊಡರದೆ ಬರುತ್ತದೆಯೇ? ಉದ್ದನೆಯ ಸ್ವರ ಹಿಡಿಯುವಲ್ಲಿ ಉಸಿರು ಸಾಲುತ್ತದೆಯೇ? ಎರಡಕ್ಕೂ ‘ಹೌದು’ ಬರುವ ವೇಗವೇ ಸರಿಯಾದದ್ದು. 2 ಬಿಪಿಎಂ ವ್ಯತ್ಯಾಸ ಕಾಗದದ ಮೇಲೆ ಏನೂ ಅಲ್ಲ, ಹಾಡುವವರ ಎದೆಗೆ ಗೊತ್ತಾಗುತ್ತದೆ.

ಶ್ರುತಿಯನ್ನು ದಣಿದ ಗಂಟಲಲ್ಲಿ ಪರೀಕ್ಷಿಸಿ. ಒಮ್ಮೆ ಹಾಡಿ ‘ಸರಿ ಇದೆ’ ಎಂದು ಬರೆದುಕೊಂಡ ಶ್ರುತಿ, ಸ್ಟುಡಿಯೊದಲ್ಲಿ ಆರನೇ ಟೇಕ್‌ಗೆ ಕೈಕೊಡುತ್ತದೆ. ಹಾಡಿನ ಅತಿ ಎತ್ತರದ ಸ್ವರವನ್ನು ಹತ್ತು ಸಲ ಹಾಡಲು ಆಗದಿದ್ದರೆ ಅರ್ಧ ಸ್ವರ ಇಳಿಸಿ. ಇದನ್ನು ರೆಕಾರ್ಡಿಂಗ್ ದಿನ ಕಂಡುಕೊಂಡರೆ ಡ್ರಮ್ ಬಿಟ್ಟು ಉಳಿದದ್ದೆಲ್ಲ ಹೊಸದಾಗಿ ನುಡಿಸಬೇಕು.

ಆಮೇಲೆ ಹಾಡಿಗೊಂದು ಹಾಳೆ: ಟೆಂಪೊ, ಶ್ರುತಿ, ಮುನ್ನುಡಿ ಎಷ್ಟು ಬಾರ್ (ತಾಳದ ಸುತ್ತು), ಪಲ್ಲವಿ ಎಷ್ಟು, ಎಲ್ಲಿ ನಿಲುಗಡೆ, ಕೊನೆ ಮಂದವಾಗುವುದೋ ಕಡಿದು ನಿಲ್ಲುವುದೋ. ಇದರ ಜೊತೆ ಒಂದು ಪೈಲಟ್ ಟ್ರ್ಯಾಕ್, ಅಂದರೆ ಕ್ಲಿಕ್‌ಗೆ ಸರಿಯಾಗಿ ಒಂದು ಗಿಟಾರ್, ಒಂದು ಧ್ವನಿ. ಶುರುವಿಗೆ ಎರಡು ಬಾರ್ ಎಣಿಕೆ ಇರಲಿ. ಧ್ವನಿ ಒರಟಾಗಿದ್ದರೂ ಚಿಂತೆಯಿಲ್ಲ, ಡ್ರಮ್ಮರ್‌ಗೆ ದಾರಿ ಕಾಣಬೇಕು, ಅಷ್ಟೇ. ಫೈಲ್ ಕಳಿಸುವಾಗ ಟೆಂಪೊ ಸಂಖ್ಯೆಯನ್ನು ಹೆಸರಿನಲ್ಲೇ ಬರೆಯಿರಿ.

ಪ್ರ: ಕ್ಲಿಕ್ ಇಟ್ಟರೆ ಹಾಡು ಯಂತ್ರದಂತೆ ಆಗುತ್ತದೆ ಎಂದು ನಮ್ಮ ಡ್ರಮ್ಮರ್ ಹೇಳುತ್ತಾರೆ. ಬೇಡವೆಂದರೆ ಆಗುತ್ತದೆಯೇ?

ಉ: ಆಗುತ್ತದೆ. ಎಲ್ಲರೂ ಒಟ್ಟಿಗೆ ಕೂತು ನುಡಿಸಿ, ಆಮೇಲೆ ಹೆಚ್ಚು ಸೇರಿಸುವುದಿಲ್ಲ ಎಂದಾದರೆ ಕ್ಲಿಕ್ ಬೇಕಿಲ್ಲ. ಮುಕ್ತ ಲಯದ ಹಾಡಿಗಂತೂ ಅದು ಶತ್ರು. ಆದರೆ ಒಬ್ಬೊಬ್ಬರಾಗಿ ಸೇರಿಸುತ್ತ ಹೋಗುವುದಾದರೆ, ಎರಡನೇ ಟೇಕ್‌ನ ಪಲ್ಲವಿಯನ್ನು ಐದನೇ ಟೇಕ್‌ನ ಚರಣಕ್ಕೆ ಅಂಟಿಸುವ ಅನುಕೂಲ ಕ್ಲಿಕ್ ಇಲ್ಲದೆ ಇಲ್ಲ.

ನಡುದಾರಿಯೂ ಉಂಟು. ಟೆಂಪೊ ಮ್ಯಾಪ್ ಮಾಡಿ, ಪಲ್ಲವಿಗೆ 1-2 ಬಿಪಿಎಂ ಏರಿಸಿ, ಚರಣಕ್ಕೆ ಇಳಿಸಿ. ಇನ್ನು ‘ಟಿಕ್ ಟಿಕ್’ ಎಂಬ ಚೂಪು ಸದ್ದಿನ ಬದಲು ಶೇಕರ್ ಸದ್ದನ್ನೇ ಕ್ಲಿಕ್ ಮಾಡಿಕೊಂಡರೆ ಡ್ರಮ್ಮರ್‌ಗಳ ಅರ್ಧ ತಕರಾರು ಅಲ್ಲೇ ಅಡಗುತ್ತದೆ. ಒಂದು ಎಚ್ಚರ: ಹಾಡಿನ ಕೊನೆಯ ಸ್ವರ ಕಂಪಿಸುತ್ತ ಕರಗುವ ಹೊತ್ತಿನಲ್ಲಿ ಹೆಡ್‌ಫೋನ್‌ನಿಂದ ಸೋರಿದ ಕ್ಲಿಕ್ ಮೈಕಿಗೆ ಬೀಳುತ್ತದೆ. ಡ್ರಮ್ ಜೋರಾಗಿದ್ದಾಗ ಅದು ಕೇಳುವುದೇ ಇಲ್ಲ, ಮಿಕ್ಸ್‌ನಲ್ಲಿ ಮಾತ್ರ ಎದ್ದು ಕಾಣುತ್ತದೆ. ಕೊನೆಯ ಬಾರ್ ಆದ ಕೂಡಲೇ ಕ್ಲಿಕ್ ನಿಲ್ಲುವಂತೆ ಮಾಡಿ, ಹಿಂಬದಿ ಮುಚ್ಚಿದ ಹೆಡ್‌ಫೋನ್ ಬಳಸಿ.

ಪ್ರ: ಎಲ್ಲರೂ ಒಟ್ಟಿಗೆ ನುಡಿಸುವುದೋ, ಬೇರೆ ಬೇರೆಯಾಗಿಯೋ?

ಉ: ಒಂದೇ ಕೋಣೆಯಲ್ಲಿ ಒಟ್ಟಿಗೆ ನುಡಿಸಿದರೆ ಉಸಿರು ಬರುತ್ತದೆ, ಜೊತೆಗೆ ಸೋರಿಕೆಯೂ. ಹಾಡುವವರು ಶ್ರುತಿ ತಪ್ಪಿದ ಸಾಲು ಡ್ರಮ್ ಮೈಕುಗಳಲ್ಲೂ ಕೂತಿರುತ್ತದೆ. ಆಮೇಲೆ ಧ್ವನಿಯನ್ನು ಬದಲಿಸಿದರೂ ಆ ಹಳೆಯ ಸಾಲು ಡ್ರಮ್ ಸೆಟ್‌ನ ಲೋಹದ ತಟ್ಟೆಯಾದ ಸಿಂಬಲ್ ಹಿಂದಿನಿಂದ ದೆವ್ವದಂತೆ ಇಣುಕುತ್ತದೆ. ಹಣ ಕಡಿಮೆ ಇರುವವರಿಗೆ ಒಪ್ಪುವ ವ್ಯವಸ್ಥೆ ಹೀಗಿದೆ: ಡ್ರಮ್ಮರ್ ಮತ್ತು ಬೇಸ್‌ನವರು ಒಂದೇ ಕೋಣೆಯಲ್ಲಿ, ಬೇಸ್ ನೇರವಾಗಿ ಡಿಐ ಪೆಟ್ಟಿಗೆಗೆ, ಅಂದರೆ ಮೈಕ್ ಇಲ್ಲದೆ ವಾದ್ಯದ ಸಂಕೇತವನ್ನು ತಂತಿಯಿಂದಲೇ ಹಿಡಿಯುವ ಪೆಟ್ಟಿಗೆಗೆ. ಗಿಟಾರ್‌ನವರೂ ಅಲ್ಲೇ ಕಣ್ಣಿಗೆ ಕಣ್ಣಿಟ್ಟು ಕೂರಲಿ, ಆಂಪ್ ಮಾತ್ರ ಪಕ್ಕದ ಕೋಣೆಯಲ್ಲಿ. ಹಾಡುವವರು ಬೂತ್‌ನಲ್ಲಿ ಪೈಲಟ್ ಹಾಡಲಿ. ಅದರಲ್ಲಿ ಕೆಲವು ಸಾಲು ಅಂತಿಮಕ್ಕೂ ಉಳಿದರೆ ಲಾಭ.

ಗಿಟಾರ್‌ನ ಡಿಐ ಸಂಕೇತವನ್ನೂ ಬೇರೆ ಟ್ರ್ಯಾಕ್‌ನಲ್ಲಿ ತಪ್ಪದೆ ಹಿಡಿಯಿರಿ. ಆಂಪ್ ಸದ್ದು ಮಿಕ್ಸ್‌ಗೆ ಹೊಂದದಿದ್ದರೆ, ಅದೇ ನುಡಿಸಾಣಿಕೆಯನ್ನು ಮತ್ತೊಂದು ಆಂಪ್‌ಗೆ ಹರಿಸಿ ಹೊಸ ಸದ್ದು ತೆಗೆಯಬಹುದು. ಒಂದು ಟ್ರ್ಯಾಕ್ ಹೆಚ್ಚಾಗುತ್ತದೆ, ಒಂದು ದಿನ ಉಳಿಯುತ್ತದೆ.

ಪ್ರ: ಡ್ರಮ್‌ಗೆ ಎಂಟು ಮೈಕ್ ಇಟ್ಟರೂ ಸದ್ದು ಟೊಳ್ಳು. ಒಂದೊಂದೇ ಕೇಳಿದರೆ ಚೆನ್ನಾಗಿದೆ, ಒಟ್ಟಿಗೆ ಕೇಳಿದರೆ ತೆಳು. ಕೋಣೆ ಸರಿಯಿಲ್ಲವೇ?

ಉ: ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಕೋಣೆಯನ್ನು ಆಮೇಲೆ ಬೈಯೋಣ. ನೀವು ಹೇಳುವ ಲಕ್ಷಣ ಫೇಸ್ ಸಮಸ್ಯೆಯದು. ಸದ್ದು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ, ಎಂದರೆ 1 ಮಿಲಿಸೆಕೆಂಡಿಗೆ 34 ಸೆಂಟಿಮೀಟರ್. ಸ್ನೇರ್, ಅಂದರೆ ಡ್ರಮ್ಮರ್‌ನ ಮುಂದಿರುವ ಚಿಕ್ಕ ಡ್ರಮ್‌ನಿಂದ ಒಂದು ಮೈಕಿಗಿಂತ ಇನ್ನೊಂದು 34 ಸೆಂಟಿಮೀಟರ್ ದೂರದಲ್ಲಿದ್ದರೆ ಅದಕ್ಕೆ ಸದ್ದು 1 ಮಿಲಿಸೆಕೆಂಡ್ ತಡವಾಗಿ ಮುಟ್ಟುತ್ತದೆ. ಎರಡನ್ನೂ ಕೂಡಿಸಿದಾಗ 500 ಹರ್ಟ್ಜ್ ಸುತ್ತಿನ ಅಲೆಗಳು ಒಂದರ ಉಬ್ಬು ಇನ್ನೊಂದರ ತಗ್ಗಿಗೆ ಬಿದ್ದು ಕಳೆದುಹೋಗುತ್ತವೆ. 1500, 2500ರಲ್ಲೂ ಅದೇ ಕಥೆ. ಸ್ನೇರ್‌ನ ಮೈಕಟ್ಟು ಇರುವುದು ಹೆಚ್ಚಾಗಿ ಆ ಕೆಳಗಿನ ಭಾಗದಲ್ಲೇ. ಅದಕ್ಕೇ ಟೊಳ್ಳು.

ತಿದ್ದುವ ಕ್ರಮ ಇದು. ಉಳಿದೆಲ್ಲ ಮೈಕ್ ಮುಚ್ಚಿ, ಮೇಲಿನ ಎರಡು ಓವರ್‌ಹೆಡ್ ಮಾತ್ರ ತೆರೆಯಿರಿ. ಒಂದು ದಾರ ತೆಗೆದುಕೊಂಡು ತುದಿಯನ್ನು ಸ್ನೇರ್‌ನ ನಡುವಿಗೆ ಬೆರಳಿನಿಂದ ಒತ್ತಿ ಹಿಡಿಯಿರಿ, ಇನ್ನೊಂದು ತುದಿಯನ್ನು ಎಡ ಮೈಕಿನ ಮೂತಿಗೆ ಎಳೆದು ಅಲ್ಲಿ ಗಂಟು ಹಾಕಿ. ಅದೇ ದಾರ ಬಲ ಮೈಕಿನ ಮೂತಿಗೂ ಗಂಟಿನವರೆಗೆ ಸರಿಯಾಗಿ ಮುಟ್ಟಬೇಕು. ಸಾಲದಿದ್ದರೆ ಮೈಕನ್ನು ಸರಿಸಿ, ದಾರವನ್ನು ಎಳೆಯಬೇಡಿ. ಈಗ ಸ್ನೇರ್ ನಟ್ಟನಡುವೆ ಕೇಳಬೇಕು. ಆಮೇಲೆ ಕಾಲಿನಿಂದ ಬಾರಿಸುವ ದೊಡ್ಡ ಡ್ರಮ್‌ನ, ಅಂದರೆ ಕಿಕ್‌ನ, ಮೈಕ್ ತೆರೆದು ಅದರ ಪೊಲಾರಿಟಿ ಗುಂಡಿಯನ್ನು, ಅಂದರೆ ಅಲೆಯ ಉಬ್ಬು-ತಗ್ಗು ತಿರುಗಿಸುವ ಗುಂಡಿಯನ್ನು, ಅತ್ತಿತ್ತ ಒತ್ತಿ. ಯಾವ ಬದಿಗೆ ಕೆಳಸ್ವರ ತುಂಬಿ ಬರುತ್ತದೋ ಅಲ್ಲೇ ಇಡಿ. ನಂತರ ಸ್ನೇರ್, ನಂತರ ಉಳಿದ ಡ್ರಮ್‌ಗಳಾದ ಟಾಮ್, ಒಂದೊಂದಾಗಿ ಹೀಗೇ. ಸ್ನೇರ್‌ಗೆ ಕೆಳಗಿನಿಂದಲೂ ಮೈಕ್ ಇಟ್ಟಿದ್ದರೆ ಅದರ ಪೊಲಾರಿಟಿಯನ್ನು ತಿರುಗಿಸಲೇಬೇಕು: ಕೋಲು ಬಿದ್ದಾಗ ಮೇಲಿನ ಚರ್ಮ ಮೇಲಿನ ಮೈಕಿನಿಂದ ದೂರ ಸರಿಯುತ್ತದೆ, ಕೆಳಗಿನ ಚರ್ಮ ಕೆಳಗಿನ ಮೈಕಿನತ್ತ ಬರುತ್ತದೆ. ಇದನ್ನೆಲ್ಲ ಮೋನೊದಲ್ಲಿ, ಅಂದರೆ ಎಡ-ಬಲ ಒಂದಾಗಿ ಸೇರಿಸಿ, ಕೇಳಿ. ಸ್ಟೀರಿಯೊದಲ್ಲಿ ಈ ದೋಷ ಅರ್ಧ ಅಡಗಿಕೊಳ್ಳುತ್ತದೆ.

ಎಂಟು ಮೈಕ್ ಬೇಕೇ ಎಂಬುದೇ ಬೇರೆ ಪ್ರಶ್ನೆ. ನಾಲ್ಕು ಸರಿಯಾಗಿ ಕೂತರೆ ಎಂಟು ಅಡ್ಡಾದಿಡ್ಡಿಯಾಗಿ ಕೂತದ್ದಕ್ಕಿಂತ ಮೇಲು. ಹೊಸ ಚರ್ಮ ಹಾಕಿ, ಒಂದು ದಿನ ಬಾರಿಸಿ ಹದಕ್ಕೆ ಬರಲು ಬಿಟ್ಟು, ಆಮೇಲೆ ಟ್ಯೂನ್ ಮಾಡಿ ತನ್ನಿ. ಕಿಕ್ ಪೆಡಲ್ ಕಿರುಗುಟ್ಟಿದರೆ ಎಣ್ಣೆ ಬಿಡಿ. ಆ ಕಿರುಗು ಮಂದ ಹಾಡಿನಲ್ಲಿ ಪ್ರತಿ ಬೀಟ್‌ಗೂ ಕೇಳುತ್ತದೆ.

ಪ್ರ: ಅಕೌಸ್ಟಿಕ್ ಗಿಟಾರ್‌ನಲ್ಲಿ ಗುಂಯ್‌ಗುಡುವ ಸದ್ದು ಮತ್ತು ತಂತಿ ಕೀರುವ ಸದ್ದು ತಡೆಯುವುದು ಹೇಗೆ?

ಉ: ಗುಂಯ್‌ಗುಡುವುದು ಮೈಕ್ ಅನ್ನು ನಡುವಿನ ತೂತಿಗೇ ಗುರಿಯಿಟ್ಟ ಫಲ. ಹನ್ನೆರಡನೇ ಫ್ರೆಟ್ ಕಡೆ ತಿರುಗಿಸಿ, 20ರಿಂದ 30 ಸೆಂಟಿಮೀಟರ್ ದೂರದಲ್ಲಿ ಇಡಿ. ಇನ್ನೂ ದಪ್ಪ ಎನಿಸಿದರೆ ದೂರ ಸರಿಸಿ. ಒಂದೇ ದಿಕ್ಕಿನ ಸದ್ದು ಹಿಡಿಯುವ ಮೈಕುಗಳಲ್ಲಿ ಬಹುತೇಕ ಎಲ್ಲವೂ ಹತ್ತಿರ ಹೋದಷ್ಟೂ ಕೆಳಸ್ವರವನ್ನು ಉಬ್ಬಿಸುತ್ತವೆ. ತಂತಿ ಕೀರುವುದಕ್ಕೆ ಮೈಕಿನಲ್ಲಿ ಮದ್ದಿಲ್ಲ, ಬೆರಳನ್ನು ಎಳೆಯುವ ಬದಲು ಎತ್ತಿ ಇಡುವ ಅಭ್ಯಾಸದಲ್ಲಿದೆ. ಲೇಪನವಿರುವ ತಂತಿ ಸ್ವಲ್ಪ ಸಹಾಯ ಮಾಡುತ್ತದೆ. ತಂತಿಯನ್ನು ಒಂದೆರಡು ದಿನ ಮೊದಲು ಬದಲಿಸಿ, ಅದೇ ದಿನ ಬೇಡ, ಶ್ರುತಿ ಜಾರುತ್ತಲೇ ಇರುತ್ತದೆ. ಕೈಗಡಿಯಾರ, ಅಂಗಿ ಗುಂಡಿ, ಕುರ್ಚಿಯ ಕಿರಿಕಿರಿ, ಇವುಗಳ ಮೇಲೆ ಕಣ್ಣಿಡಿ.

ಎಡ-ಬಲ ಎರಡು ಗಿಟಾರ್ ಬೇಕೆಂದರೆ ಎರಡು ಸಲ ನುಡಿಸಲೇಬೇಕು. ಒಂದೇ ಟ್ರ್ಯಾಕನ್ನು ನಕಲು ಮಾಡಿ ಎರಡು ಬದಿಗೆ ಹಾಕಿದರೆ ಸಿಗುವುದು ಅಗಲವಲ್ಲ. ನಟ್ಟನಡುವೆ ಅದೇ ಗಿಟಾರ್, ಇನ್ನಷ್ಟು ಜೋರಾಗಿ.

ಪ್ರ: ಧ್ವನಿ ರೆಕಾರ್ಡಿಂಗ್‌ನಲ್ಲಿ ನಮ್ಮ ಗಾಯಕಿ ವೇದಿಕೆಯಲ್ಲಿ ಹಾಡಿದಷ್ಟು ಚೆನ್ನಾಗಿ ಹಾಡುತ್ತಿಲ್ಲ. ಶ್ರುತಿ ಸ್ವಲ್ಪ ಕೆಳಗೇ ಇರುತ್ತದೆ. ತಿದ್ದುವ ಸಾಫ್ಟ್‌ವೇರ್ ಇದೆಯಲ್ಲ ಎನ್ನುತ್ತಾರೆ ಎಂಜಿನಿಯರ್.

ಉ: ಸಾಫ್ಟ್‌ವೇರ್‌ಗೆ ಮೊದಲು ಹೆಡ್‌ಫೋನ್ ನೋಡಿ. ಸಂಗೀತ ಕಿವಿಗೆ ತುಂಬಾ ಜೋರಾಗಿದ್ದರೆ ಗಾಯಕರು ಕೆಳಗೆ ಜಾರುವುದು ಸಾಮಾನ್ಯ. ತಮ್ಮ ಧ್ವನಿಯೇ ತಮಗೆ ಕಡಿಮೆ ಕೇಳಿದರೆ ಕಿರುಚಿ ಮೇಲೆ ಹೋಗುತ್ತಾರೆ. ಒಟ್ಟು ಮಟ್ಟ ಇಳಿಸಿ. ಬೇಸ್ ತಗ್ಗಿಸಿ, ಶ್ರುತಿ ಸ್ಪಷ್ಟವಾಗಿ ಹೇಳುವ ಕೀಬೋರ್ಡ್ ಅಥವಾ ಗಿಟಾರ್ ಏರಿಸಿ. ಒಂದು ಕಿವಿಯಿಂದ ಹೆಡ್‌ಫೋನ್ ಸರಿಸಿ ಹಾಡಲು ಹೇಳಿ. ಸರಿಸಿದ ಬದಿ ತಲೆಗೆ ಒತ್ತಿಕೊಂಡೇ ಇರಲಿ, ಇಲ್ಲವೇ ಅಲ್ಲಿಂದ ಸಂಗೀತ ಮೈಕಿಗೆ ಸೋರುತ್ತದೆ.

ಎರಡನೆಯ ಶಂಕಿತ, ತಡ. ಕಂಪ್ಯೂಟರ್ ಸದ್ದನ್ನು ತುಸು ಹೊತ್ತು ಹಿಡಿದಿಟ್ಟುಕೊಳ್ಳುವ ಬಫರ್ 1024 ಸ್ಯಾಂಪಲ್‌ನಲ್ಲಿದ್ದರೆ 48 ಕಿಲೋಹರ್ಟ್ಜ್‌ನಲ್ಲಿ, ಅಂದರೆ ಸೆಕೆಂಡಿಗೆ 48 ಸಾವಿರ ಸ್ಯಾಂಪಲ್ ಲೆಕ್ಕದಲ್ಲಿ, ಅದೊಂದೇ 21 ಮಿಲಿಸೆಕೆಂಡ್. ತನ್ನ ಧ್ವನಿಯೇ ಹಿಂದಿನಿಂದ ಬಂದಂತೆ ಕೇಳಿದರೆ ಯಾರು ತಾನೇ ಲಯದಲ್ಲಿ ಹಾಡಿಯಾರು? ಬಫರ್ 128ಕ್ಕೆ ಇಳಿಸಿದರೆ 3 ಮಿಲಿಸೆಕೆಂಡ್‌ಗಿಂತ ಕಡಿಮೆ. ಇಲ್ಲವೇ ಮೈಕನ್ನು ಕಂಪ್ಯೂಟರ್‌ಗೆ ಜೋಡಿಸುವ ಇಂಟರ್‌ಫೇಸ್‌ನ ನೇರ ಮಾನಿಟರಿಂಗ್ ಬಳಸಿ, ಧ್ವನಿ ಕಂಪ್ಯೂಟರ್ ಸುತ್ತಿ ಬರದೆ ನೇರ ಕಿವಿಗೆ ಬರುತ್ತದೆ.

ಮೈಕ್ ಬಾಯಿಂದ 15-20 ಸೆಂಟಿಮೀಟರ್, ನಡುವೆ ಬಾಯಿಯ ಗಾಳಿ ತಡೆಯುವ ಪಾಪ್ ಫಿಲ್ಟರ್. ಪ, ಬ, ಫ, ಭ ಅಕ್ಷರಗಳ ಗಾಳಿ ‘ದಪ್’ ಎಂದು ಬಡಿಯುತ್ತಿದ್ದರೆ ಮೈಕನ್ನು ಮೂಗಿನ ಮಟ್ಟಕ್ಕೆ ಏರಿಸಿ ಬಾಯಿಯತ್ತ ಓರೆ ಮಾಡಿ; ಗಾಳಿ ಕೆಳಗಿನಿಂದ ಹಾದುಹೋಗುತ್ತದೆ. ಸ, ಶ ಚುಚ್ಚುತ್ತಿದ್ದರೂ ಇದೇ ಓರೆ ಕೆಲಸಕ್ಕೆ ಬರುತ್ತದೆ. ಸಾಹಿತ್ಯದ ಹಾಳೆ ಇಡುವ ಲೋಹದ ಸ್ಟ್ಯಾಂಡ್ ಮೇಲೆ ದಪ್ಪ ಬಟ್ಟೆ ಹಾಸಿ, ಅದರಿಂದ ಪುಟಿದ ಸದ್ದು ಧ್ವನಿಗೆ ಡಬ್ಬದ ಗುಣ ತರುತ್ತದೆ.

ಟೇಕ್‌ಗಳ ವಿಷಯದಲ್ಲಿ: ಮೊದಲಿನಿಂದ ಕೊನೆವರೆಗೆ 4-5 ಪೂರ್ತಿ ಟೇಕ್ ತೆಗೆದು ನಿಲ್ಲಿಸಿ. ಸಾಹಿತ್ಯದ ಹಾಳೆಯಲ್ಲಿ ಪ್ರತಿ ಸಾಲಿನ ಪಕ್ಕ ಟೇಕ್ ಸಂಖ್ಯೆಗಳ ಅಂಕಣ ಮಾಡಿ, ಹಾಡುತ್ತಿರುವಾಗಲೇ ಗುರುತು ಹಾಕುತ್ತ ಹೋಗಿ: ಒಳ್ಳೆಯದಕ್ಕೆ ಸರಿ ಗುರುತು, ಸಂಶಯಕ್ಕೆ ಪ್ರಶ್ನೆ ಗುರುತು. ಐದನೆಯದು ಮುಗಿದಾಗ ಖಾಲಿ ಉಳಿದ ಸಾಲುಗಳು ಎರಡೋ ಮೂರೋ ಇರುತ್ತವೆ. ಅವನ್ನಷ್ಟೇ ಹಿಂದಿನ ಸಾಲಿನಿಂದ ಹಿಡಿದು ಪಂಚ್-ಇನ್ ಮಾಡಿ, ಅಂದರೆ ಆ ತುಣುಕನ್ನು ಮಾತ್ರ ಮತ್ತೆ ಹಾಡಿಸಿ ಸೇರಿಸಿ. ಸಾಲಿನ ಮಧ್ಯದಿಂದ ಹಾಡಿಸಿದರೆ ಉಸಿರು ಕೂಡುವುದಿಲ್ಲ, ಅಂಟಿಸಿದ ಜಾಗ ಕೇಳುತ್ತದೆ. ಹನ್ನೆರಡನೇ ಟೇಕ್ ಎಂದರೆ ಸಾಮಾನ್ಯವಾಗಿ ಹಟ ಮಾತ್ರ. ಶ್ರುತಿ ತಿದ್ದುವ ಸಾಫ್ಟ್‌ವೇರ್ ಬರಬೇಕಾದ್ದು ಇದೆಲ್ಲ ಮುಗಿದ ಮೇಲೆ, ಭಾವ ಸರಿಯಿದ್ದು ಒಂದೇ ಸ್ವರ ಜಾರಿದ ಕಡೆ. ಗಮಕ, ಜಾರು ಇರುವಲ್ಲಿ ಅದನ್ನು ತಾನಾಗಿ ತಿದ್ದಲು ಬಿಡಲೇಬೇಡಿ. ಜಾರನ್ನೆಲ್ಲ ಮೆಟ್ಟಿಲು ಮಾಡಿಬಿಡುತ್ತದೆ.

ಪ್ರ: ರೆಕಾರ್ಡ್ ಮಾಡುವಾಗ ಸ್ಯಾಂಪಲ್ ದರ 44.1, 48, 96 ಕಿಲೋಹರ್ಟ್ಜ್ ಇವುಗಳಲ್ಲಿ ಯಾವುದು?

ಉ: 48 ಕಿಲೋಹರ್ಟ್ಜ್, 24 ಬಿಟ್. ವಿಡಿಯೊಗೂ ಅದೇ ಬೇಕು. 44.1 ಆದರೂ ನಷ್ಟವಿಲ್ಲ. ನಡುವೆ ಬದಲಿಸದಿರುವುದು ಮುಖ್ಯ. 96ರಲ್ಲಿ ಫೈಲ್ ದುಪ್ಪಟ್ಟಾಗುತ್ತದೆ. 48/24ರಲ್ಲಿ ಒಂದು ಮೋನೊ ಟ್ರ್ಯಾಕ್ ನಿಮಿಷಕ್ಕೆ 8.64 ಎಂಬಿ, 16 ಟ್ರ್ಯಾಕ್, 4 ನಿಮಿಷದ ಹಾಡು ಎಂದರೆ ಒಂದು ಟೇಕ್‌ಗೆ ಸುಮಾರು 553 ಎಂಬಿ. ಎಂಟು ಹಾಡಿಗೆ ಐದೈದು ಟೇಕ್ ಹಿಡಿದರೆ 22 ಜಿಬಿ.

ಮಟ್ಟದ ವಿಷಯದಲ್ಲಿ ಮೀಟರ್ ಕೆಂಪಿನ ಹತ್ತಿರ ಓಡಲಿ ಎಂಬ ಹಳೆಯ ಟೇಪ್ ಕಾಲದ ಬುದ್ಧಿ ಬಿಡಿ. ಮೀಟರ್‌ನ ತುತ್ತತುದಿ ಸೊನ್ನೆ; ಸರಾಸರಿ ಮೈನಸ್ 18 ಡೆಸಿಬೆಲ್, ಅತಿ ಜೋರಾದಾಗ ಮೈನಸ್ 10ರ ಆಸುಪಾಸು ಸಾಕು. ಒಂದೊಂದು ಬಿಟ್‌ಗೆ 6 ಡೆಸಿಬೆಲ್ ಲೆಕ್ಕ. 12 ಡೆಸಿಬೆಲ್ ಖಾಲಿ ಬಿಟ್ಟರೂ 22 ಬಿಟ್ ಉಳಿಯುತ್ತದೆ, ಸಿಡಿಯ 16ಕ್ಕಿಂತ ಹೆಚ್ಚೇ. ಸೊನ್ನೆ ದಾಟಿ ಒಡೆದ ಸದ್ದನ್ನು ಮಾತ್ರ ಯಾರೂ ಪೂರ್ತಿ ಸರಿ ಮಾಡಲಾರರು.

ಪ್ರ: ಹಣ ಉಳಿಸಲು ಯಾವುದನ್ನು ಮನೆಯಲ್ಲೇ ರೆಕಾರ್ಡ್ ಮಾಡಬಹುದು?

ಉ: ಕೀಬೋರ್ಡ್, ಬೇಸ್ ಡಿಐ, ಎಲೆಕ್ಟ್ರಿಕ್ ಗಿಟಾರ್ ಡಿಐ, ಹಿನ್ನೆಲೆ ಧ್ವನಿ. ಡ್ರಮ್ ಮತ್ತು ಮುಖ್ಯ ಧ್ವನಿಗೆ ಸ್ಟುಡಿಯೊ ಇರಲಿ, ಅಲ್ಲಿ ಕೋಣೆಯೂ ವಾದ್ಯದ ಭಾಗ. ಮನೆಯ ಫೈಲ್‌ಗಳನ್ನು ಕಳಿಸುವಾಗ ಎಲ್ಲವೂ ಹಾಡಿನ ಮೊದಲ ಕ್ಷಣದಿಂದಲೇ ಶುರುವಾಗುವ ವೇವ್ ಫೈಲ್‌ಗಳಾಗಿರಬೇಕು. ಸೋಲೊ ಮೂರನೇ ನಿಮಿಷದಲ್ಲಿ ಬಂದರೂ ಅದಕ್ಕೂ ಮೊದಲಿನ ಮೌನವನ್ನೂ ಸೇರಿಸಿಯೇ ಕೊಡಿ. ಹಾಗೆ ಕೊಡದಿದ್ದರೆ ಎಂಜಿನಿಯರ್ ಅದನ್ನು ಎಲ್ಲಿ ಕೂರಿಸಬೇಕೆಂದು ಊಹಿಸುತ್ತ ನಿಮ್ಮ ಗಂಟೆ ತಿನ್ನುತ್ತಾರೆ. ‘ಆಡಿಯೊ 17 ಹೊಸದು ಅಂತಿಮ 2’ ಎಂಬಂಥ ಹೆಸರು ಬೇಡ. ಹಾಡು, ವಾದ್ಯ, ಟೆಂಪೊ ಸಾಕು.

ಪ್ರ: ಮಿಕ್ಸ್ ಕೇಳಿ ನಾಲ್ವರೂ ನಾಲ್ಕು ಮಾತು ಹೇಳುತ್ತಿದ್ದೇವೆ. ಎಲ್ಲರಿಗೂ ತಮ್ಮ ವಾದ್ಯವೇ ಕಡಿಮೆ ಎನಿಸುತ್ತದೆ.

ಉ: ಎನಿಸಲೇಬೇಕು, ಕಿವಿ ತನ್ನದನ್ನೇ ಹುಡುಕುತ್ತದೆ. ಒಬ್ಬರೇ ಎಂಜಿನಿಯರ್‌ಗೆ ಪಟ್ಟಿ ಕೊಡಲಿ. ‘ಇನ್ನೂ ಬೆಚ್ಚಗಿರಲಿ’ ಎಂಬುದು ಟಿಪ್ಪಣಿಯಲ್ಲ. ‘1 ನಿಮಿಷ 42 ಸೆಕೆಂಡಿನಲ್ಲಿ ಎರಡನೇ ಚರಣದ ಮೊದಲ ಪದ ಸಿಂಬಲ್ ಅಡಿಗೆ ಹೋಗುತ್ತಿದೆ’ ಎಂಬುದು ಟಿಪ್ಪಣಿ. ಮೂರು ಸುತ್ತು ತಿದ್ದುಪಡಿ ಎಂದು ಮೊದಲೇ ಮಾತಾಡಿಕೊಳ್ಳಿ. ಕೇಳುವಾಗ ಸಣ್ಣ ಮಟ್ಟದಲ್ಲೂ ಕೇಳಿ: ಮಂದ ಸದ್ದಿನಲ್ಲಿ ಕಿವಿಗೆ ಕೆಳಸ್ವರ ಮತ್ತು ತೀರಾ ಮೇಲಿನ ಸ್ವರ ಕಡಿಮೆ ಮುಟ್ಟುತ್ತವೆ ಎಂದು ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ತೋರಿಸಿದ್ದಾರೆ. ಜೋರಾಗಿ ಕೇಳಿದರೆ ಎಲ್ಲ ಮಿಕ್ಸೂ ಚೆನ್ನ. ಅಂತಿಮ ಮಿಕ್ಸ್ ಒಪ್ಪಿದ ದಿನವೇ ಧ್ವನಿಯಿಲ್ಲದ ಆವೃತ್ತಿ, ಧ್ವನಿ ಮಾತ್ರ ಇರುವ ಆವೃತ್ತಿ, ಧ್ವನಿ 1 ಡೆಸಿಬೆಲ್ ಏರಿಸಿದ ಆವೃತ್ತಿ, ಮೂರನ್ನೂ ತೆಗೆಸಿಕೊಳ್ಳಿ. ಆರು ತಿಂಗಳ ಮೇಲೆ ಬೇಕೆಂದರೆ ಸೆಷನ್ ತೆರೆಯುವುದೇ ಒಂದು ಕೆಲಸ.

ಪ್ರ: ನಮ್ಮ ಹಾಡು ಬೇರೆಯವರ ಹಾಡಿನಷ್ಟು ಜೋರಾಗಿ ಕೇಳಬೇಕು. ಮಾಸ್ಟರಿಂಗ್‌ನವರಿಗೆ ಏನು ಹೇಳಲಿ?

ಉ: ಹಾಗೆ ಹೇಳಬೇಡಿ. ಸ್ಪಾಟಿಫೈ ಹಾಡುಗಳನ್ನು ಸುಮಾರು ಮೈನಸ್ 14 ಎಲ್‌ಯುಎಫ್‌ಎಸ್ (ಕಿವಿಗೆ ತೋರುವ ಜೋರಿನ ಅಳತೆ) ಮಟ್ಟಕ್ಕೆ ತಂದು ನುಡಿಸುತ್ತದೆ, ಆ್ಯಪಲ್ ಮ್ಯೂಸಿಕ್ ಮೈನಸ್ 16ಕ್ಕೆ. ನೀವು ಹಿಂಡಿ ಹಿಪ್ಪೆ ಮಾಡಿ ಮೈನಸ್ 8ಕ್ಕೆ ತಂದ ಹಾಡನ್ನು ಸ್ಪಾಟಿಫೈ 6 ಡೆಸಿಬೆಲ್ ಇಳಿಸುತ್ತದೆ. ಜೋರು ಹೋಯಿತು, ಚಪ್ಪಟೆಯಾದ ಸ್ನೇರ್ ಹಾಗೇ ಉಳಿಯಿತು. ಟ್ರೂ ಪೀಕ್, ಅಂದರೆ ಸದ್ದಿನ ಅತಿ ಎತ್ತರದ ತುದಿ, ಮೈನಸ್ 1 ಡೆಸಿಬೆಲ್ ದಾಟದಿರಲಿ. ಮಿಕ್ಸ್ ಕಳಿಸುವಾಗ ಮಾಸ್ಟರ್ ಚಾನೆಲ್‌ನಲ್ಲಿ ಸದ್ದಿನ ತುದಿಗಳನ್ನು ಅದುಮುವ ಲಿಮಿಟರ್ ತೆಗೆದು, ಮೇಲೆ 3-6 ಡೆಸಿಬೆಲ್ ಜಾಗ ಬಿಟ್ಟು, 24 ಬಿಟ್ ಫೈಲ್ ಕಳಿಸಿ. ಹಾಡುಗಳ ಕ್ರಮ ಮತ್ತು ನಡುವಿನ ಮೌನವನ್ನೂ ಬರೆದು ಕೊಡಿ.

ಪ್ರ: ಆಲ್ಬಂ ಅನ್ನು ವಿನೈಲ್ ರೆಕಾರ್ಡ್ ಆಗಿ ತರುವ ಆಸೆಯಿದೆ. ರೆಕಾರ್ಡಿಂಗ್‌ನಲ್ಲೇ ಎಚ್ಚರ ಬೇಕೇ?

ಉ: ನಿಮಿಷಕ್ಕೆ 33⅓ ಸುತ್ತು ವೇಗದ ಎಲ್‌ಪಿಯ ಒಂದು ಬದಿಗೆ 20 ನಿಮಿಷದ ಆಸುಪಾಸು ಇಟ್ಟುಕೊಳ್ಳಿ, ಹೆಚ್ಚಿಸಿದರೆ ಮಟ್ಟ ಇಳಿಸಬೇಕಾಗುತ್ತದೆ. ಒಳ ಸುತ್ತುಗಳಲ್ಲಿ ಮೇಲಿನ ಸ್ವರ ಮಂಕಾಗುವುದರಿಂದ ಬದಿಯ ಕೊನೆಗೆ ಮಂದ ಹಾಡು ಹಾಕಿ. ಬೇಸ್ ನಟ್ಟನಡುವೆ ಇರಲಿ, ಸ-ಶ ಹದದಲ್ಲಿರಲಿ.

ಪ್ರ: ಕೂಲಿಗೆ ವಯಲಿನ್ ನುಡಿಸಿದವರು ನಾಳೆ ಪಾಲು ಕೇಳಬಹುದೇ? ಐಎಸ್‌ಆರ್‌ಸಿ ಎಂದರೇನು?

ಉ: ಹಾಡಿನಲ್ಲಿ ಮುಖ್ಯವಾಗಿ ಎರಡು ಬಗೆಯ ಹಕ್ಕುಗಳಿವೆ: ಸಾಹಿತ್ಯ-ಸಂಗೀತ ರಚನೆಯದು ಒಂದು, ರೆಕಾರ್ಡಿಂಗ್‌ನದು ಇನ್ನೊಂದು. ಹಣ ಹಾಕಿದ ಮಾತ್ರಕ್ಕೆ ಎರಡೂ ನಿಮ್ಮದೇ ಎಂದುಕೊಳ್ಳಬೇಡಿ. ಹೊರಗಿನ ವಾದಕರಿಂದ, ಎಷ್ಟು ಸಂಭಾವನೆ, ಯಾವ ಹಾಡು, ರೆಕಾರ್ಡಿಂಗ್ ಹಕ್ಕು ಯಾರದು, ಹೆಸರು ಹೇಗೆ ಅಚ್ಚಾಗಬೇಕು ಎಂದು ಒಂದು ಪುಟದ ಬರಹಕ್ಕೆ ಸಹಿ ಪಡೆಯಿರಿ, ಅದೂ ನುಡಿಸುವ ಮೊದಲು. ನಿಮ್ಮ ನಾಲ್ವರ ನಡುವೆ ರಚನೆಯ ಪಾಲು ಶೇಕಡಾವಾರು ಬರೆದಿಡಿ; ಹಾಡು ಯಾರಿಗೂ ಗೊತ್ತಿಲ್ಲದಿರುವಾಗ ಈ ಮಾತು ಹತ್ತು ನಿಮಿಷದಲ್ಲಿ ಮುಗಿಯುತ್ತದೆ.

ಐಎಸ್‌ಆರ್‌ಸಿ ಪ್ರತಿ ರೆಕಾರ್ಡಿಂಗ್‌ಗೆ ಕೊಡುವ 12 ಅಕ್ಷರ-ಅಂಕಿಗಳ ಗುರುತು. ಸಿಂಗಲ್ ಆಗಿ ಬಂದ ಅದೇ ರೆಕಾರ್ಡಿಂಗ್ ಆಲ್ಬಂನಲ್ಲಿ ಬಂದರೆ ಅದೇ ಸಂಕೇತ. ರೀಮಿಕ್ಸ್‌ಗೆ, ವೇದಿಕೆಯ ಆವೃತ್ತಿಗೆ ಹೊಸದು. ವಿತರಕರನ್ನು ಬದಲಿಸಿದಾಗ ಹಳೆಯ ಸಂಕೇತವನ್ನೇ ಕೊಡಿ, ಇಲ್ಲದಿದ್ದರೆ ಕೇಳುಗರ ಎಣಿಕೆ ಸೊನ್ನೆಯಿಂದ ಶುರುವಾಗಬಹುದು.

ಪ್ರ: ಕೊನೆಯ ದಿನ ಸ್ಟುಡಿಯೊದಿಂದ ಏನೇನು ತರಬೇಕು?

ಉ: ಸೆಷನ್ ಫೋಲ್ಡರ್ ಪೂರ್ತಿ, ಪ್ರತಿ ಟ್ರ್ಯಾಕ್‌ನ ಎಫೆಕ್ಟ್ ಇಲ್ಲದ ವೇವ್ ಫೈಲ್, ಮಿಕ್ಸ್‌ನ ಆವೃತ್ತಿಗಳು, ಟೆಂಪೊ ಹಾಳೆಗಳು. ಇಂದು ಬಳಸಿದ ಪ್ಲಗಿನ್, ಅಂದರೆ ಸದ್ದು ತಿದ್ದುವ ಸಾಫ್ಟ್‌ವೇರ್, ಐದು ವರ್ಷದ ಮೇಲೆ ತೆರೆಯದೆ ಹೋಗಬಹುದು, ವೇವ್ ಫೈಲ್ ತೆರೆಯುತ್ತದೆ. ಎರಡು ಡ್ರೈವ್‌ಗೆ ನಕಲು ಮಾಡಿ, ಮೂರನೆಯದು ಬೇರೆ ಕಟ್ಟಡದಲ್ಲೋ ಕ್ಲೌಡ್‌ನಲ್ಲೋ ಇರಲಿ. ನಕಲು ನೂರಕ್ಕೆ ನೂರು ಮುಗಿಯಿತೆಂದು ಪರದೆ ತೋರಿಸಿತೆಂದು ಎದ್ದು ಹೊರಡಬೇಡಿ. ಬಾಗಿಲು ದಾಟುವ ಮೊದಲು ಆ ಡ್ರೈವನ್ನು ಇನ್ನೊಂದು ಲ್ಯಾಪ್‌ಟಾಪ್‌ಗೆ ಹಾಕಿ, ಕೊನೆಯ ಹಾಡಿನ ಕೊನೆಯ ಟ್ರ್ಯಾಕ್ ತೆರೆದು ಕೇಳಿ.